ಅರವತ್ತು ಸಂವತ್ಸರದ ಒಂದು ನಿಮಿಷ

ಕಾಳಪ್ಪ ಪತ್ತಾರರು ಒಂದು ನಿಮಿಷವನ್ನು ಸಂವತ್ಸರಗಳಲ್ಲಿ ಎಣಿಸುತ್ತಿದ್ದರು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ವೆಲ್ಡಿಂಗ್‌ನವರು ಹಾಕುವಂಥ ದಪ್ಪ ಕನ್ನಡಕ, ಎದುರಿಗೆ ಯಾರದೋ ಬಾಯಿಗೆಂದು ಮಾಡಿದ ಹಲ್ಲಿನ ಚೌಕಟ್ಟು. ಗಾಜಿನ ಕಡ್ಡಿಯಿಂದ ಒಂದು ಹಲ್ಲಿನ ಮೇಲೆ ಸಲ್ಫ್ಯೂರಿಕ್ ಆ್ಯಸಿಡ್ ಸವರಿ, "ಪ್ರಭವ, ವಿಭವ, ಶುಕ್ಲ, ಪ್ರಮೋದೂತ" ಎಂದು ಶುರು ಮಾಡುತ್ತಿದ್ದರು. "ರಕ್ತಾಕ್ಷಿ, ಕ್ರೋಧನ, ಅಕ್ಷಯ" ಎಂದು ಮುಗಿಸುವ ಹೊತ್ತಿಗೆ ಸರಿಯಾಗಿ ಅರವತ್ತು ಸೆಕೆಂಡು. ತಕ್ಷಣ ಚೌಕಟ್ಟು ನಲ್ಲಿಯ ಕೆಳಗೆ. ನಾನು ಎರಡು ಮೂರು ಸಲ ಮೊಬೈಲಿನಲ್ಲಿ ಕದ್ದು ಸಮಯ ನೋಡಿದ್ದೇನೆ. ಒಮ್ಮೆ ಮಾತ್ರ ಐವತ್ತೊಂಬತ್ತು ಬಂತು. ತಪ್ಪು ಮೊಬೈಲಿನದೇ ಇರಬೇಕು ಅಂದುಕೊಂಡೆ.

ಗೋಡೆಯ ಮೇಲೆ ಗಡಿಯಾರವಿತ್ತು. ಅದನ್ನು ಅವರು ನೋಡುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಯಾಕೆ ಎಂದು ಕೇಳಿದಾಗ, ನನ್ನನ್ನು ಮೇಡಂ ಅನ್ನುವ ಬದಲು 'ಬಾಯಾರ' ಎಂದು ಕರೆಯುತ್ತಿದ್ದ ಅವರು ಹೇಳಿದ್ದರು: "ಗಡಿಯಾರ ನೋಡಾಕ ಹೋದ್ರ ಕಣ್ಣು ಹಲ್ಲು ಬಿಟ್ಟು ಗ್ವಾಡಿಗೆ ಹೋಗ್ತೈತಿ ಬಾಯಾರ. ಬಾಯಾಗ ಎಣಿಸಿದ್ರ ಕಣ್ಣು ಎಲ್ಲಿರಬೇಕೋ ಅಲ್ಲೇ ಇರ್ತೈತಿ."

ಕೃತಕ ಹಲ್ಲು ಕಟ್ಟುವುದು ಅವರ ಕಸುಬು. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಮೇಲ್ಸೇತುವೆಯ ಕಂಬದ ನಂಬರು ಹೇಳಿದರೆ ಮಾತ್ರ ಆಟೋದವರಿಗೆ ಗುರುತು ಸಿಗುವ ಒಂದು ಗಲ್ಲಿ. ಕೆಳಗೆ ಇರಾನಿ ಚಹಾದ ಹೋಟೆಲು, ಅದರ ಮೇಲೆ ಬುರ್ಖಾ ಹೊಲಿಯುವ ಅಂಗಡಿ, ಅದರ ಮೇಲೆ ಕಾಳಪ್ಪನವರ ಒಂದೇ ಕೋಣೆಯ ಲ್ಯಾಬು. ನಾನು ಕೆಲಸಕ್ಕಿದ್ದ ದಂತ ಆಸ್ಪತ್ರೆ ರಸ್ತೆಯ ಆಚೆ ಬದಿಗೆ. ನಾವು ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುವುದು, ಅವರು ಅದಕ್ಕೆ ತಕ್ಕ ಹಲ್ಲು ಮಾಡಿ ಕಳಿಸುವುದು. ರೋಗಿ ಕನ್ನಡಿ ನೋಡಿ, ನಕ್ಕು, ನಮಗೆ ಕೈ ಮುಗಿದು ಹೋಗುತ್ತಿದ್ದ. ಕಾಳಪ್ಪನವರ ಹೆಸರು ಅವನ ಕಿವಿಗೂ ಬೀಳುತ್ತಿರಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣಲಿಲ್ಲ. ಬೇಸರವೆಲ್ಲ ನನಗೇ ಇತ್ತು, ಅದೂ ಅವರನ್ನು ಚೆನ್ನಾಗಿ ಬಲ್ಲವಳಾದ ಮೇಲೆ.

ನಾನು ಮೈಸೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತು. ತೆಲುಗು ಬಾರದು, ಹಿಂದಿ ಬಂದರೂ ಇಲ್ಲಿಯ ಹಿಂದಿ ಅರ್ಥವಾಗದು. ಆಸ್ಪತ್ರೆಯಲ್ಲಿ ಎಲ್ಲರೂ ಮಾತಾಡುವಾಗ ನಗಬೇಕಾದ ಜಾಗ ಯಾವುದೆಂದು ಉಳಿದವರ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಮೊದಲ ಸಲ ಲ್ಯಾಬಿಗೆ ಹೋದಾಗ ಹರಕು ಹಿಂದಿಯಲ್ಲಿ ಏನೋ ತೊದಲಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿ, "ಕನ್ನಡದಾಗ ಹೇಳ್ರಿ ಬಾಯಾರ, ನಿಮ್ಮ ಹಿಂದಿಯಾಗ ಮೈಸೂರ್‌ಪಾಕಿನ ವಾಸನಿ ಬರಾಕತ್ತೈತಿ" ಅಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ರಾಯಚೂರು ಕಡೆಯವರು. ಮೂವತ್ತು ವರ್ಷದಿಂದ ಹೈದರಾಬಾದಿನಲ್ಲಿದ್ದು ನಾಲ್ಕು ಭಾಷೆಯಲ್ಲಿ ಜಗಳ ಆಡಬಲ್ಲವರಾಗಿದ್ದರು. ನನ್ನ "ಏನಂದ್ರಿ?" ಅನ್ನುವ ಮೈಸೂರು ರಾಗವನ್ನು ಅನುಕರಿಸಿ ತೋರಿಸುವುದು ಅವರ ನಿತ್ಯದ ಮನರಂಜನೆ.

ಅದೇ ಮೊದಲ ದಿನ ಅವರು ನನ್ನ ಹೊಸ ಚರ್ಮದ ಚೀಲದ ಮೇಲೆ ಒಂದು ಹನಿ ನೀರು ಬಿಟ್ಟರು. ಕೇಳದೆ, ಹೇಳದೆ, ಬೆರಳ ತುದಿಯಿಂದ ಟಪ್ ಅಂತ. ಹನಿ ಮುತ್ತಿನ ಹಾಗೆ ದುಂಡಗೆ ನಿಂತಿತು. "ಹೊಸಾದು," ಅಂದರು. "ಮ್ಯಾಲ ಪಾಲಿಶ್ ಐತಿ. ಇದರ ಮ್ಯಾಲ ಏನು ಅಂಟಿಸಿದ್ರೂ ನಿಲ್ಲಂಗಿಲ್ಲ." ಹೊಸ ವಸ್ತು ಏನು ಕಂಡರೂ ಅವರಿಗೆ ಇದೇ ಚಟ. ಸ್ಟೀಲ್ ತಟ್ಟೆ, ಮೊಬೈಲು, ಮನೆ ಮಾಲೀಕ ಹಾಕಿಸಿದ ಟೈಲ್ಸು, ಒಮ್ಮೆ ನಮ್ಮ ದೊಡ್ಡ ಡಾಕ್ಟರರ ಹೊಸ ಮೇಜು. ದೊಡ್ಡ ಡಾಕ್ಟರೆಂದರೆ ಆಸ್ಪತ್ರೆಯ ಯಜಮಾನರು, ನನಗೆ ಸಂಬಳ ಕೊಡುವವರು. ಅವರು ಹುಬ್ಬು ಗಂಟಿಕ್ಕಿದರು. ಕಾಳಪ್ಪನವರು ಅಂಗಿಯ ತುದಿಯಿಂದ ಹನಿಯನ್ನು ಒರೆಸಿ, "ಚಲೋ ಐತಿ ಸಾಹೇಬ್ರ" ಎಂದು ಬಂದುಬಿಟ್ಟರು.

ಈ ಹನಿಯ ಹಿಂದೆ ಒಂದು ವಿದ್ಯೆಯೇ ಇತ್ತು. ಪತ್ತಾರರೆಂದರೆ ಆ ಕಡೆ ಅಕ್ಕಸಾಲಿಗರು, ಅವರದು ಅದೇ ಕಸುಬಿನ ಮನೆ. ಅಪ್ಪನ ಜೊತೆ ಕೂತು ಬಂಗಾರಕ್ಕೆ ಬೆಸುಗೆ ಹಾಕಿ ಬೆಳೆದವರು. ಸಂವತ್ಸರಗಳನ್ನು ಎಣಿಸಲು ಕಲಿಸಿದ್ದೂ ಅಪ್ಪನೇ, ಕುಲುಮೆಯ ಮುಂದೆ. ಊರಲ್ಲಿ ಕೆಲಸ ಕಡಿಮೆಯಾದಾಗ ಹೈದರಾಬಾದಿಗೆ ಬಂದು, ಬಂಗಾರದ ಹಲ್ಲು ಎರಕ ಹೊಯ್ಯುವ ಲ್ಯಾಬೊಂದರಲ್ಲಿ ಸೇರಿಕೊಂಡು, ಹಾಗೇ ಹಲ್ಲಿನ ಕಸುಬಿಗೆ ಅಂಟಿಕೊಂಡರು. ಅಪ್ಪನ ಒಂದು ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ಬೆಸಿಗಿ ಕೂಡಿಸೂದು ಬೆಂಕಿ ಅಲ್ಲೋ ಮಗನ, ಕೂಡೂ ಮುಖ ಸ್ವಚ್ಛ ಇರಬೇಕು. ಎಣ್ಣಿ ಜಿಡ್ಡು ಇದ್ದಲ್ಲಿ ಬಂಗಾರಕ್ಕ ಬಂಗಾರನೂ ಕೂಡಂಗಿಲ್ಲ."

ನಾನು ಸೇರಿದ ವರ್ಷವೇ ನಮ್ಮಲ್ಲಿಗೆ ಪೀಕ್ ಬಂತು. ಅದೊಂದು ಪಾಲಿಮರ್, ಮಾಸಲು ಬಣ್ಣದ್ದು. ಲೋಹದ ತೂಕವಿಲ್ಲ, ಪ್ಲಾಸ್ಟಿಕ್ಕಿನ ಹಾಗೆ ಮುರಿಯುವುದೂ ಇಲ್ಲ. ದೊಡ್ಡ ಊರಿನ ದೊಡ್ಡ ಲ್ಯಾಬುಗಳು ಕಂಪ್ಯೂಟರಿನಲ್ಲಿ ಅದನ್ನು ಕಡೆದು ಚೌಕಟ್ಟು ಮಾಡಿ ಕೊಡುತ್ತವೆ. ಆದರೆ ಆ ಬಣ್ಣದ ಹಲ್ಲು ಇಟ್ಟುಕೊಂಡು ಯಾರು ನಗುತ್ತಾರೆ? ಅದರ ಮೇಲೆ ಕಾಂಪೋಸಿಟ್ ಬರಬೇಕು. ಹುಳುಕು ಹಲ್ಲಿಗೆ ನಾವು ತುಂಬುವ, ಹಲ್ಲಿನದೇ ಬಣ್ಣದ ರಾಳ ಅದು. ತಾಪತ್ರಯ ಅಲ್ಲೇ. ಪೀಕ್ ಬಹಳ ಬಿಗುಮಾನದ ವಸ್ತು, ಯಾವುದನ್ನೂ ಹತ್ತಿರ ಸೇರಿಸುವುದಿಲ್ಲ. ಮೊದಲು ಮರಳಿನಂಥ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಅದರ ಮೈ ಒರಟು ಮಾಡಬೇಕು, ಆಮೇಲೆ ಆ್ಯಸಿಡ್ ತಾಗಿಸಬೇಕು, ತೊಳೆಯಬೇಕು, ಒಣಗಿಸಬೇಕು, ಅಂಟುದ್ರವ ಹಚ್ಚಿ ನೀಲಿ ಬೆಳಕು ಹಿಡಿಯಬೇಕು. ಅಷ್ಟೆಲ್ಲ ಆದ ಮೇಲೆ ಕಾಂಪೋಸಿಟ್. ಆ್ಯಸಿಡ್ ಕಡಿಮೆಯಾದರೆ ಹಿಡಿಯುವುದಿಲ್ಲ, ಹೆಚ್ಚಾದರೆ ಪೀಕ್ ಸೊರಗುತ್ತದೆ.

ಅರವತ್ತರ ಹತ್ತಿರದ ಮನುಷ್ಯ ಇದನ್ನೆಲ್ಲ ತಾನೇ ಕಲಿತರು. ಕಡೆದು ಉಳಿದ ಪೀಕ್ ತುಂಡುಗಳನ್ನು ಬೇಡಿ ತಂದು, ಒಂದೊಂದರ ಮೇಲೂ ಒಂದೊಂದು ರೀತಿ ಮಾಡಿ ಕಾಂಪೋಸಿಟ್ ಕೂಡಿಸಿ, ಇಕ್ಕಳದಿಂದ ಎಳೆದು ಕೀಳುತ್ತಿದ್ದರು. ಬಿಟ್ಟುಕೊಂಡ ಎರಡೂ ಮುಖಗಳನ್ನು ಅಕ್ಕಸಾಲಿಗರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡುವುದು. "ಇಲ್ಲಿ ನೋಡ್ರಿ. ರಾಳ ತಾನೇ ಒಡದು ಅರ್ಧ ಇಲ್ಲೇ ಉಳದೈತಿ. ಅಂದ್ರ ಅಂಟು ಗೆದ್ದೈತಿ. ಇದನ್ನ ನೋಡ್ರಿ, ಪೂರಾ ಸಾಫ್ ಬಿಟ್ಟೈತಿ. ಇಲ್ಲಿ ಮುಖ ತಯಾರಾಗಿಲ್ಲ." ಕಿತ್ತ ತುಂಡುಗಳಿಂದ ಒಂದು ಹಾರ್ಲಿಕ್ಸ್ ಬಾಟಲಿ ತುಂಬಿತು. ಬಾಟಲಿ ತುಂಬುವ ಹೊತ್ತಿಗೆ ಅವರ ಕೈಯಿಂದ ಹೋದ ಹಲ್ಲು ವಾಪಸು ಬರುವುದು ನಿಂತಿತ್ತು. ಬೇರೆ ಬಡಾವಣೆಯ ಆಸ್ಪತ್ರೆಗಳೂ ಹುಡುಕಿಕೊಂಡು ಬಂದವು. ದೊಡ್ಡ ಡಾಕ್ಟರರು ಬಂದವರಿಗೆಲ್ಲ "ನಮ್ಮ ಪತ್ತಾರ್" ಅನ್ನತೊಡಗಿದರು. ಆಗ ಮಾತ್ರ ಕಾಳಪ್ಪನವರು ಸ್ವಲ್ಪ ಬೀಗಿದ್ದನ್ನು ನಾನು ನೋಡಿದ್ದೇನೆ.

ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಆ್ಯಸಿಡ್ ಆಗಿ, ತೊಳೆದು, ನೀರಿನ ಹನಿ ದುಂಡಗೆ ನಿಲ್ಲದೆ ಹರಡಿಕೊಂಡಿತು ಅಂದರೆ ಆ ಹಲ್ಲು ತಯಾರು. ಅದನ್ನು ಒಣಗಿಸಿ ಗಾಜಿನ ಬಿಲ್ಲೆಯ ಮೇಲಿಟ್ಟು ಸ್ಟೀಲ್ ಲೋಟ ಬೋರಲು ಹಾಕುತ್ತಿದ್ದರು. "ಗಿಲಾಸ ಉಲ್ಟಾ ಐತಿ ಅಂದ್ರ ಒಳಗ ಮದುವಿ ಹೆಣ್ಣು ಕುಂತಾಳ ಅಂತ ತಿಳೀರಿ. ಮುಟ್ಟಬ್ಯಾಡ್ರಿ, ಇಣಕಬ್ಯಾಡ್ರಿ." ಚಹಾ ತರುವವನಿಗೂ ಇದು ಗೊತ್ತಿತ್ತು, ಲೋಟದಿಂದ ಒಂದು ಮೊಳ ದೂರವೇ ತಟ್ಟೆ ಇಡುತ್ತಿದ್ದ.

ಯಾದಗಿರಿ ನಮ್ಮಲ್ಲಿಗೆ ಬಂದದ್ದು ಹೀಗಿದ್ದಾಗ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ತೆಲುಗಿನವನು, ನಲವತ್ತರ ಆಸುಪಾಸು. ಬಾರಾತಿನ ಮೆರವಣಿಗೆಯಲ್ಲಿ ಮದುಮಗನ ಕುದುರೆ ಪಟಾಕಿಗೆ ಬೆದರಿ ತಲೆ ಝಾಡಿಸಿದಾಗ ಕ್ಲಾರಿನೆಟ್ಟೇ ಬಾಯಿಗೆ ಬಡಿದು ಮೇಲಿನ ನಾಲ್ಕು ಮುಂಹಲ್ಲು ಹೋಗಿದ್ದವು. ಆ ವಾದ್ಯ ಊದಲು ಮೇಲಿನ ಹಲ್ಲನ್ನು ಅದರ ತುದಿಯ ಮೇಲೆ ಊರಬೇಕಂತೆ. ಹಲ್ಲಿಲ್ಲದಿದ್ದರೆ ಬ್ಯಾಂಡಿನಲ್ಲಿ ಅವನಿಗೆ ಜಾಗವಿಲ್ಲ. ಮದುವೆಯ ತಿಂಗಳು ಹತ್ತಿರ ಬಂದಿತ್ತು. ಪೀಕ್ ಚೌಕಟ್ಟು, ಮೇಲೆ ಕಾಂಪೋಸಿಟ್ ಎಂದು ನಿಶ್ಚಯವಾಯಿತು. ನಾಲ್ಕೂ ಹಲ್ಲನ್ನು ಕಾಳಪ್ಪನವರು ಒಂದೊಂದಾಗಿ ತಯಾರು ಮಾಡಿದರು. ಹಲ್ಲಿಗೆ ಅರವತ್ತು ಸಂವತ್ಸರದಂತೆ.

ಆ ಮಧ್ಯಾಹ್ನ ಬಣ್ಣ ಗೊತ್ತು ಮಾಡಲು ನಾನು ಲ್ಯಾಬಿಗೆ ಹೋದೆ. ಅವರು ಕೊನೆಯ ಹಲ್ಲಿನ ಎಣಿಕೆಯಲ್ಲಿದ್ದರು. ತೊಳೆದರು, ಹನಿ ಬಿಟ್ಟು ನೋಡಿದರು, ಒಣಗಿಸಿದರು, ಲೋಟ ಬೋರಲು ಹಾಕಿದರು. ಅಷ್ಟರಲ್ಲಿ ಕರೆಂಟು ಹೋಯಿತು. "ಫ್ಯೂಸ್ ನೋಡಿ ಬರ್ತೀನ್ರಿ, ನೀವು ಚಾ ಕುಡೀರಿ" ಎಂದು ಕೆಳಗಿಳಿದು ಹೋದರು. ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು ಬಂದಿತ್ತು, ಬೆರಳಿಗೆ ಬೆಣ್ಣೆ ಹತ್ತುವಂಥ ಬಿಸಿ ಬಿಸ್ಕತ್ತು. ಎರಡು ತಿಂದೆ. ಕಾಯುತ್ತ ಕೂರುವುದು ನನ್ನ ಜಾಯಮಾನವಲ್ಲ. ಚೌಕಟ್ಟಿನ ಮಾಸಲು ಬಣ್ಣ ಕಾಂಪೋಸಿಟ್‌ನ ಹಿಂದೆ ಕಾಣಿಸೀತೇ ಎಂದು ಅನುಮಾನ ಬಂತು. ಲೋಟ ಎತ್ತಿದೆ. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣದ ಮಾದರಿಗಳ ಜೊತೆ ಹೋಲಿಸಿದೆ. ವಾಪಸು ಇಡುವಾಗ ನೋಡುತ್ತೇನೆ, ನಡುವಿನ ಒಂದು ಹಲ್ಲಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಮಿರಿಮಿರಿ ಮಿಂಚುತ್ತಿದೆ. ಗಾಬರಿಯಲ್ಲಿ ದುಪಟ್ಟಾದ ತುದಿಯಿಂದ ಒರೆಸಿದೆ. ಹೊಳಪು ಹೋಯಿತು. ಲೋಟ ಮುಚ್ಚಿದೆ.

ಕಾಳಪ್ಪನವರು ಮೆಟ್ಟಿಲು ಹತ್ತಿ ಬಂದರು. ನನ್ನ ಕಡೆ ನೋಡಲೂ ಇಲ್ಲ, ಲೋಟ ಎತ್ತಿ ಅಂಟುದ್ರವದ ಕುಂಚ ಕೈಗೆ ತೆಗೆದುಕೊಂಡರು. 'ಇನ್ನೊಂದು ಸಲ ಆ್ಯಸಿಡ್ ಹಚ್ಚಿ, ನಾನು ಮುಟ್ಟಿಬಿಟ್ಟೆ' ಎಂದು ಹೇಳಲು ಬಾಯಿ ತೆರೆದೆ. "ಬಣ್ಣ ಒಂದು ಛಾಯೆ ತಿಳಿಯಾಗಿರಲಿ" ಅಂದೆ. ಅವರು "ಆತ್ರಿ" ಅಂದರು.

ಮೂರು ವಾರಕ್ಕೆ ಯಾದಗಿರಿ ಬಂದ. ಕರ್ಚೀಫಿನ ಗಂಟು ಬಿಚ್ಚಿ ಒಂದು ಬಿಳಿ ಬಿಲ್ಲೆ ತೋರಿಸಿದ. "ಪನ್ನು ಊಡಿಪೋಯಿಂದಮ್ಮಾ" ಅಂದ, ಹಲ್ಲು ಉದುರಿತು ಎಂದು. ಬೇಗಂ ಬಜಾರಿನಲ್ಲಿ ಬಾರಾತು ನಡುಬೀದಿಯಲ್ಲಿರುವಾಗ ಹಲ್ಲಿನ ಮುಖ ಕಳಚಿ ಬಾಯಿಗೇ ಬಂದಿತ್ತು. ಬ್ಯಾಂಡ್ ಮಾಸ್ತರ ಎಲ್ಲರೆದುರು ಬೈದು, ಇನ್ನೊಮ್ಮೆ ಹೀಗಾದರೆ ಬೇರೆಯವನನ್ನು ಹುಡುಕುತ್ತೇನೆ ಅಂದಿದ್ದ. ಯಾವ ಹಲ್ಲು ಎಂದು ನಾನು ಕೇಳಬೇಕಾಗಿರಲಿಲ್ಲ.

ದೊಡ್ಡ ಡಾಕ್ಟರರು ಕಾಳಪ್ಪನವರನ್ನು ಕರೆಸಿದರು. ಅವರು ಬಿಲ್ಲೆಯನ್ನು ಭೂತಗನ್ನಡಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಪೂರಾ ಸಾಫ್. "ತಪ್ಪು ನಂದೈತಿ ಸಾಹೇಬ್ರ," ಅಂದರು. "ಉಳದ ಮೂರು ಗಟ್ಟಿ ಅದಾವು. ಇದೊಂದರಾಗ ಎಣಿಕಿ ತಪ್ಪೇತಿ. ನಡುವ ಎಲ್ಲೋ ನಾಕೈದು ಸಂವತ್ಸರ ನುಂಗೀನಿ." ದೊಡ್ಡ ಡಾಕ್ಟರರು ಕಾಲು ಗಂಟೆ ಕೂಗಾಡಿದರು. ನಾನು ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಕೆಲಸಕ್ಕೆ ಸೇರಿ ವರ್ಷ ದಾಟಿದ್ದರೂ ಇನ್ನೂ ಕಾಯಂ ಆಗಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಪತ್ತಾರರ ಮುಂದೆ ನಿಂತು ಆ ಬಂಗಾರವನ್ನೇ ಆರಿಸಿಕೊಂಡೆ.

ಹೊರಗೆ ಬಂದ ಮೇಲೆ ಅವರು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು. "ಬಾಯಾರ, ಅವತ್ತು ನೀವು ಅಲ್ಲೇ ಇದ್ರಿ. ನಾ ಎಲ್ಲೆರ ಎಣಿಕಿ ತಪ್ಪಿದ್ನೇನ್ರಿ? ನೀರಿನ ಹನಿ ನೋಡಿದ್ದೆ ಅಂತ ನನಗ ನೆಪ್ಪೈತಿ. ಅದು ಖರೇ ನೆಪ್ಪೋ ಸುಳ್ಳು ನೆಪ್ಪೋ ತಿಳೀವಲ್ದು."

"ನಾನು ಅಷ್ಟು ಗಮನ ಕೊಟ್ಟಿರಲಿಲ್ಲ ಕಾಳಪ್ಪನವರೇ" ಅಂದೆ.

ಲೋಟವನ್ನು ಯಾರಾದರೂ ಎತ್ತಿದರೇ ಎಂದು ಅವರು ಕೇಳಲಿಲ್ಲ. ನಾನು ಎತ್ತಿರಬಹುದು ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. ಬಂದಿದ್ದರೆ, ಕೇಳಿದ್ದರೆ, ಒಪ್ಪಿಕೊಂಡುಬಿಡುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವೋ ಸುಳ್ಳೋ ಈಗ ಗೊತ್ತಿಲ್ಲ.

ಕಾಳಪ್ಪನವರು ಯಾದಗಿರಿಯನ್ನು ತಾವೇ ಕಂಡು ಕ್ಷಮೆ ಕೇಳಿ, ಅವನ ಹಲ್ಲನ್ನು ಎರಡೇ ದಿನದಲ್ಲಿ ಹೊಸದಾಗಿ ಮಾಡಿ ಕೊಟ್ಟರು. ಅವನ ಜಾಗ ಉಳಿಯಿತು. ದೊಡ್ಡ ಡಾಕ್ಟರರು ಮಾರನೆಯ ದಿನವೇ ಎಲ್ಲ ಮರೆತು "ನಮ್ಮ ಪತ್ತಾರ್" ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ವಾರದ ನಂತರ ಲ್ಯಾಬಿಗೆ ಹೋದಾಗ ಕಾಳಪ್ಪನವರ ಪಕ್ಕದ ಸ್ಟೂಲಿನ ಮೇಲೆ ಅವರ ಹೆಂಡತಿ ಈರಮ್ಮ ಕೂತಿದ್ದರು. ಕೈಯಲ್ಲಿ ಹಳೆಯ ಪಂಚಾಂಗ, ಮೊದಲ ಪುಟ ತೆರೆದದ್ದು. ಕಾಳಪ್ಪನವರು ಆ್ಯಸಿಡ್ ಸವರಿ ಎಣಿಸುತ್ತಿದ್ದರೆ ಈರಮ್ಮನ ಬೆರಳು ಪಂಚಾಂಗದ ಮೇಲೆ ಒಂದೊಂದೇ ಹೆಸರು ದಾಟುತ್ತಿತ್ತು. "ಅಕ್ಷಯ" ಎಂದ ಮೇಲೆ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು.

"ಒಂದೂ ಬಿಟ್ಟಿಲ್ರಿ" ಅಂದರು ಈರಮ್ಮ.

"ಇವತ್ತು ಬಿಟ್ಟಿಲ್ಲ. ಅವತ್ತು ಬಿಟ್ಟೀನಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಗೆಂದು ಹೋಗುವುದನ್ನೂ ಬಿಡಲಿಲ್ಲ. ನಾಲ್ಕು ತಿಂಗಳು ಈರಮ್ಮ ಮಧ್ಯಾಹ್ನದ ಅಡುಗೆ ಮುಗಿಸಿ ಬಸ್ಸು ಹತ್ತಿ ಬಂದು ಆ ಸ್ಟೂಲಿನ ಮೇಲೆ ಕೂತರು. ನಾನು ವಾರಕ್ಕೆರಡು ಸಲ ಅದನ್ನು ನೋಡಿ, ಚೆನ್ನಾಗಿದ್ದೀರಾ ಎಂದು ಕೇಳಿ, ಕೆಲಸ ತೆಗೆದುಕೊಂಡು ಬಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವ ಹಾಗೆ ಅವರು ಯಾವುದೇ ಮಾತು ತೆಗೆದರೂ ನಾನು ಬೇರೆ ಮಾತಿಗೆ ಹೊರಳಿಸುತ್ತಿದ್ದೆ. ಈರಮ್ಮನಿಗೆ ಒಂದು ಸಲವೂ ತಪ್ಪು ಸಿಗಲಿಲ್ಲ. ಆದರೂ ಕಾಳಪ್ಪನವರಿಗೆ ನಂಬಿಕೆ ಬರಲಿಲ್ಲ. ಒಮ್ಮೆ ಅನುಮಾನ ಹೊಕ್ಕ ಮೇಲೆ ಅದಕ್ಕೆ ಮೇವು ಎಲ್ಲಿ ಬೇಕಾದರೂ ಸಿಗುತ್ತದೆ. ಕೀಲಿಕೈ ಮನೆಯಲ್ಲಿ ಬಿಟ್ಟು ಬಂದರೆ ಮರೆವು, ಚಹಾದವನ ಹೆಸರು ತಕ್ಷಣ ಬಾರದಿದ್ದರೆ ಮರೆವು. ಆ ವಯಸ್ಸಿನಲ್ಲಿ ಯಾರಿಗೂ ಆಗುವಂಥವು. ನನಗೆ ಮೂವತ್ತಕ್ಕೇ ಆಗುತ್ತಿದ್ದವು. ಅವರು ಮಾತ್ರ ಎಲ್ಲವನ್ನೂ ಆ ಒಂದು ಹಲ್ಲಿನ ಜೊತೆ ಸೇರಿಸಿದರು.

ಕೊನೆಗೆ ಒಂದು ದಿನ ನಾನು ತಂದ ಪೀಕ್ ಚೌಕಟ್ಟನ್ನು ತೆರೆಯದೆಯೇ ವಾಪಸು ಕೊಟ್ಟರು. "ಬ್ಯಾರೆ ಕಡೆ ಕಳಿಸ್ರಿ ಬಾಯಾರ. ಮರಿವಿನ ಕೈಯಾಗ ಆ್ಯಸಿಡ್ ಇರಬಾರದು." ಆಮೇಲೆ ಸಾಧಾರಣ ದಂತಪಂಕ್ತಿ, ಸಣ್ಣಪುಟ್ಟ ರಿಪೇರಿ. ವರ್ಷ ತುಂಬುವುದರೊಳಗೆ ಅದೂ ಸಾಕೆಂದು ಲ್ಯಾಬಿನ ಬಾಗಿಲು ಹಾಕಿ, ಹೆಂಡತಿಯನ್ನು ಕರೆದುಕೊಂಡು ಪಟಾನ್‌ಚೆರುವಿನಲ್ಲಿರುವ ಮಗಳ ಮನೆಗೆ ಹೋದರು. ಮಗಳು ಅಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಹೋಗುವ ಮೊದಲು ಅಕ್ಕಸಾಲಿಗರ ಭೂತಗನ್ನಡಿಯನ್ನು ನನಗೆ ಕೊಟ್ಟರು. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು, ತೆಗೆದುಕೊಂಡೆ.

ನಾನು ಕಾಯಂ ಆದೆ. ಆಮೇಲೆ ಇನ್ನೊಂದು ದೊಡ್ಡ ಆಸ್ಪತ್ರೆಗೆ ಹೋದೆ. ಯುಗಾದಿಗೆ ಅವರು ಫೋನು ಮಾಡುತ್ತಿದ್ದರು. ಬರುವ ಸಂವತ್ಸರದ ಹೆಸರು ಹೇಳಿ ಆಶೀರ್ವಾದ ಮಾಡುತ್ತಿದ್ದರು. ಪ್ರತಿ ಸಲವೂ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಹವೆಯ ಬಗ್ಗೆ ಮಾತಾಡಿ ಇಡುತ್ತಿದ್ದೆ.

ಆ ಹಲ್ಲು ಬಿಟ್ಟು ನಾಲ್ಕು ವರ್ಷವಾದ ಮೇಲೆ ಗೆಳತಿಯ ತಂಗಿಯ ಮದುವೆಯಲ್ಲಿ ಯಾದಗಿರಿ ಸಿಕ್ಕ. ಬ್ಯಾಂಡಿನ ಕೆಂಪು ಕೋಟಿನಲ್ಲಿ ನನ್ನನ್ನು ಗುರುತು ಹಿಡಿದು ನಾಲ್ಕೂ ಹಲ್ಲು ತೋರಿಸಿ ನಕ್ಕ. ಎಷ್ಟು ಊದಿದರೂ ಅಲ್ಲಾಡಿಲ್ಲವಂತೆ. "ಪತ್ತಾರ್ ಸಾರ್ ಬಾಗುನ್ನಾರಾ ಅಮ್ಮಾ?" ಎಂದು ಕೇಳಿದ. ಚೆನ್ನಾಗಿದ್ದಾರಾ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ 'ಬರುತ್ತಿದ್ದೇನೆ' ಎಂದು ಫೋನು ಮಾಡಿ ಪಟಾನ್‌ಚೆರುವಿನ ಬಸ್ಸು ಹತ್ತಿದೆ. ದಾರಿಯಲ್ಲಿ ಇಳಿದುಬಿಡೋಣವೆಂದು ಎರಡು ಸಲ ಅನ್ನಿಸಿತು.

ಈರಮ್ಮ ಬಾಗಿಲು ತೆರೆದರು. ನಾನು ಒಳಗೆ ಬಂದ ಕೂಡಲೇ ಮೇಲಿನ ಚಿಲಕ ಹಾಕಿ ಅದಕ್ಕೊಂದು ಪುಟ್ಟ ಬೀಗ ಸಿಕ್ಕಿಸಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದರು. "ಇವರನ್ನ ಒಬ್ಬರನ್ನ ಹೊರಗ ಬಿಡಂಗಿಲ್ಲ. ಮರಿವು ನೋಡ್ರಿ. ಎಲ್ಲೆರ ದಾರಿ ತಪ್ಪಿದ್ರ ಏನ್ ಮಾಡೂದು?" ಕಾಳಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು. ಅಂಗಿಯ ಜೇಬಿನಲ್ಲಿ ಮಗಳ ಫೋನ್ ನಂಬರು ಬರೆದ ಚೀಟಿ ಕಾಣುತ್ತಿತ್ತು. ಮಾತು ಮಾತ್ರ ಹಾಗೇ ಇತ್ತು. ನನ್ನ ಮೈಸೂರು ರಾಗವನ್ನು ಅನುಕರಿಸಿ, "ಏನಂದ್ರಿ? ಚೆನ್ನಾಗಿದೀರಾ?" ಅಂದರು. ಯಾದಗಿರಿ ಕೇಳಿದ ಎಂದಾಗ, ಅವನ ನಾಲ್ಕು ಹಲ್ಲಿನ ಅಳತೆಯನ್ನೂ ಬಣ್ಣವನ್ನೂ ಬಾಯಿಪಾಠ ಒಪ್ಪಿಸಿದರು. ಈ ಮನುಷ್ಯನಿಗೆ ಯಾವ ಮರೆವು?

ಈರಮ್ಮ ಚಹಾ ಮಾಡಲು ಒಳಗೆ ಹೋದಾಗ ಹೇಳಿದೆ. ಸುತ್ತುಬಳಸಿ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆಲ್ಲ ಹಾರಿಹೋಯಿತು. "ಆ ಹಲ್ಲು ಬಿಟ್ಟದ್ದು ನನ್ನಿಂದ ಕಾಳಪ್ಪನವರೇ. ನೀವು ಫ್ಯೂಸ್ ನೋಡಲು ಹೋದಾಗ ನಾನು ಲೋಟ ಎತ್ತಿದೆ. ಬಿಸ್ಕತ್ತು ತಿಂದ ಕೈಯಲ್ಲಿ ಮುಟ್ಟಿದೆ. ಒರೆಸಿ ಮುಚ್ಚಿಟ್ಟೆ. ನಿಮ್ಮ ಎಣಿಕೆ ತಪ್ಪಿರಲಿಲ್ಲ. ಹನಿ ನೋಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತರು.

"ಅಂದ್ರ ನಾ ಮರ್ತಿರಲಿಲ್ಲ" ಅಂದರು.

"ಇಲ್ಲ."

"ಅರವತ್ತೂ ಎಣಿಸಿದ್ದೆ."

"ಅರವತ್ತೂ ಎಣಿಸಿದ್ರಿ."

ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಏ ಈರವ್ವಾ, ಚಾ ಇರ್ಲಿ, ಇಲ್ಲಿ ಬಾ. ಬಾಯಾರ, ಇಕಿ ಮುಂದ ಇನ್ನೊಮ್ಮೆ ಹೇಳ್ರಿ. ಈಗ ಹೆಂಗ ಹೇಳಿದ್ರಿ ಹಂಗ ಹೇಳ್ರಿ."

ಈರಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ನಾನು ಮತ್ತೆ ಹೇಳಿದೆ. ಮೊದಲ ಸಲಕ್ಕಿಂತ ಇದು ಕಷ್ಟವಾಗಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ನಾ ಪಂಚಾಂಗ ಹಿಡಕೊಂಡು ಕುಂತಿದ್ದನ್ನ ನೀವು ನೋಡ್ತಿದ್ರಿ. ವಾರಕ್ಕೆರಡು ಸಲ ಬಂದು ನೋಡ್ತಿದ್ರಿ."

"ಹೌದು" ಅಂದೆ.

"ಇರ್ಲಿ ಬಿಡ, ಈಗ ಹೇಳಾಕ ಬಂದಾರಲ್ಲ" ಅಂದರು ಕಾಳಪ್ಪನವರು. ಅವರ ಮುಖದಲ್ಲಿದ್ದದ್ದು ಬರೀ ಸಂತೋಷ. ಅದನ್ನು ನೋಡುವುದೇ ನನಗೆ ಶಿಕ್ಷೆಯಾಯಿತು. ನಾಲ್ಕು ವರ್ಷದ ಹಿಂದೆಯೇ, ಆ ಮೆಟ್ಟಿಲ ಹತ್ತಿರವೇ ಇದನ್ನು ಕೊಟ್ಟುಬಿಡಬಹುದಾಗಿತ್ತು. ಈರಮ್ಮ ಒಳಗೆ ಹೋಗಿ ಚಹಾ ತಂದರು. ನನಗೂ ಒಂದು ಲೋಟ ಕೊಟ್ಟರು, ಮುಖ ಮಾತ್ರ ನೋಡಲಿಲ್ಲ.

ಹೊರಡಲು ಎದ್ದಾಗ ಸಂಜೆಯಾಗಿತ್ತು. "ಬಸ್ಸಿನ ತನಕ ನಾ ಬರ್ತೀನಿ" ಎಂದು ಕಾಳಪ್ಪನವರೂ ಎದ್ದರು. ಈರಮ್ಮ ಚಪ್ಪಲಿ ಮೆಟ್ಟುವರೆಂದು ನಾನು ಕಾದೆ. ಅವರು ಬಾಗಿಲಿನ ಬೀಗ ತೆಗೆದರು. ಗಂಡನ ಜೇಬಿನಿಂದ ಆ ಚೀಟಿಯನ್ನು ಎತ್ತಿಕೊಂಡರು. "ಹೋಗಿ ಬರ್ರಿ" ಎಂದು ಗಂಡನಿಗೆ ಹೇಳಿ ಒಳಗೆ ಹೋದರು.

ಅದೇ ಕೊನೆಯ ಸಲ ನಾನು ಕಾಳಪ್ಪನವರನ್ನು ನೋಡಿದ್ದು. ಆ ವರ್ಷ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರೆಂದು ಮಗಳು ಫೋನು ಮಾಡಿದಳು. ದಿನಾ ಸಂಜೆ ಒಬ್ಬರೇ ಬಸ್ ನಿಲ್ದಾಣದ ತನಕ ನಡೆದುಹೋಗಿ ಬರುತ್ತಿದ್ದರಂತೆ.

ಆ ಸಂಜೆ ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಪಾಳಿ ಮುಗಿದು ಕಾರ್ಖಾನೆ ಬಿಟ್ಟ ಜನ ರಸ್ತೆಯಲ್ಲೆಲ್ಲ ತುಂಬಿಕೊಂಡಿದ್ದರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವರು ಯಾರನ್ನೂ ದಾರಿ ಕೇಳದೆ, ಎರಡನೆಯ ಗಲ್ಲಿಗೆ ಸರಿಯಾಗಿ ಎಡಕ್ಕೆ ತಿರುಗಿ ಮನೆಗೆ ಹೋಗುತ್ತಿದ್ದರು.